ಮಗಳ ಮೊದಲ ರಣಜಿ ಪಂದ್ಯ: ಚಿನ್ನಸ್ವಾಮಿಯಲ್ಲಿ ಇಡೀ ದಿನ ಕೂರಬಹುದಾ?

ವಿಜಯನಗರ_ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹತ್ತು ವರ್ಷ. ಬೇಸಿಗೆ ರಜೆಯಲ್ಲಿ ಮನೆ ಹತ್ತಿರದ ಕ್ರಿಕೆಟ್ ಕ್ಯಾಂಪ್‌ಗೆ ಸೇರಿಸಿದ್ದೆ. ರಜೆ ಮುಗಿದರೂ ಬಿಡಲಿಲ್ಲ, ಈಗಲೂ ಶನಿವಾರ ಭಾನುವಾರ ಹೋಗುತ್ತಾಳೆ. ಆಫ್ ಸ್ಪಿನ್ ಹಾಕುತ್ತಾಳೆ. ಟಿವಿಯಲ್ಲಿ ಬೇಕಾದಷ್ಟು ಮ್ಯಾಚ್ ನೋಡಿದ್ದಾಳೆ, ಆದರೆ ಇದುವರೆಗೂ ಸ್ಟೇಡಿಯಂ ಒಳಗೆ ಕಾಲಿಟ್ಟಿಲ್ಲ.

ಅಕ್ಟೋಬರ್‌ನಲ್ಲಿ ರಣಜಿ, ಅಂದರೆ ರಾಜ್ಯ ತಂಡಗಳ ನಾಲ್ಕು ದಿನದ ಪಂದ್ಯಗಳು, ಶುರುವಾಗುತ್ತದೆ. ಅವಳಿಗೆ ದಸರಾ ರಜೆಯೂ ಇರುತ್ತದೆ. ಕರ್ನಾಟಕದ ಮೊದಲ ಹೋಮ್ ಮ್ಯಾಚ್‌ಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಆದರೆ ಕೆಲವು ವಿಷಯ ಗೊತ್ತಾಗುತ್ತಿಲ್ಲ.

ಬೆಳಿಗ್ಗೆಯಿಂದ ಸಂಜೆವರೆಗೆ ಇಷ್ಟು ಚಿಕ್ಕ ಮಗು ಕೂರುತ್ತಾ? ನನಗೇ ಟಿ20 ಬಿಟ್ಟರೆ ಬೇರೆ ನೋಡಿ ಅಭ್ಯಾಸ ಇಲ್ಲ. ಅವಳು "ಅಪ್ಪ, ಈಗ ಏನಾಗ್ತಿದೆ?" ಅಂತ ಕೇಳಿದರೆ ಏನು ತೋರಿಸಲಿ? ಎಲ್ಲಿ ಕೂತರೆ ಒಳ್ಳೆಯದು? ಊಟ ತೆಗೆದುಕೊಂಡು ಹೋಗಬೇಕಾ?

ಇನ್ನೊಂದು ಮಾತು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟ್‌ಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರಲ್ಲ, ಅಂದಿನಿಂದ ನನ್ನ ಹೆಂಡತಿಗೆ ಸ್ಟೇಡಿಯಂ ಹೆಸರು ಕೇಳಿದರೆ ಭಯ. ಅವಳಿಗೆ ಏನು ಹೇಳಲಿ ಅಂತ ನಿಜವಾಗಿಯೂ ತಿಳಿಯುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಸ್ಕೋರ್‌ಬುಕ್

ಕರೆದುಕೊಂಡು ಹೋಗಿ ಸರ್. ಅದೂ ಸೀಸನ್ನಿನ ಮೊದಲ ಪಂದ್ಯಕ್ಕೇ ಹೋಗಿ. ಸೆಮಿಫೈನಲ್ ಬರಲಿ, ಫೈನಲ್ ಬರಲಿ ಅಂತ ಕಾಯಬೇಡಿ.

ನಾನು ಮಲ್ಲೇಶ್ವರದವಳು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾಗಿದ್ದೇನೆ. ಕೆಲಸದಲ್ಲಿದ್ದಾಗಲೂ ರಣಜಿ ಅಂದರೆ ರಜೆ ಹಾಕುತ್ತಿದ್ದೆ. ಈಗ ರಜೆ ಕೇಳುವ ಕಷ್ಟವೂ ಇಲ್ಲ, ಸ್ಕೋರ್ ಬರೆಯುವ ಪುಸ್ತಕ ಹಿಡಿದುಕೊಂಡು ಹೊರಟುಬಿಡುತ್ತೇನೆ. ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಮನೆಯವರ ಭಯದ ಮಾತು. ಅದು ಸುಮ್ನೆ ಭಯ ಅಲ್ಲ, ಅವರು ಹೆದರುವುದಕ್ಕೆ ಕಾರಣ ಇದೆ. ಆ 11 ಜನರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು. ಆದರೆ ಅವತ್ತು ಆಗಿದ್ದು ಲಕ್ಷಗಟ್ಟಲೆ ಜನ ಒಂದೇ ಹೊತ್ತಿಗೆ ಗೇಟಿನ ಹತ್ತಿರ ಸೇರಿದ್ದರಿಂದ. ರಣಜಿಯ ಲೀಗ್ ಪಂದ್ಯಕ್ಕೆ ಬರುವವರು ಕೆಲವೇ ಜನ. ಸಾಮಾನ್ಯವಾಗಿ ಟಿಕೆಟ್ ಬೇಕಾಗುವುದಿಲ್ಲ, ಒಂದೆರಡು ಸ್ಟ್ಯಾಂಡ್ ಮಾತ್ರ ತೆರೆದಿರುತ್ತಾರೆ. ಒಬ್ಬರ ಹಿಂದೆ ಒಬ್ಬರು ನಿಧಾನಕ್ಕೆ ಒಳಗೆ ಹೋಗುತ್ತಾರೆ. ಒಳಗೆ ನಿಮ್ಮ ಅಕ್ಕಪಕ್ಕ ಹತ್ತು ಕುರ್ಚಿ ಖಾಲಿ ಇರುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ದೊಡ್ಡ ಸ್ಟಾರ್ ಆಡುತ್ತಾರೆ ಅಂತ ಸುದ್ದಿ ಬಂದರೆ ಲೆಕ್ಕವೇ ಬೇರೆ. 2025ರ ಜನವರಿಯಲ್ಲಿ ವಿರಾಟ್ ಕೊಹ್ಲಿ ದೆಹಲಿ ಪರ ರೈಲ್ವೇಸ್ ವಿರುದ್ಧ ರಣಜಿ ಆಡಲು ಬಂದಾಗ, ಅಲ್ಲಿನ ಅರುಣ್ ಜೇಟ್ಲಿ ಸ್ಟೇಡಿಯಂ ಮುಂದೆ ಬೆಳಿಗ್ಗೆ ಬೆಳಿಗ್ಗೆಯೇ ಸಾವಿರಾರು ಜನ ನಿಂತಿದ್ದರು. ಅಂಥ ದಿನ ಮಗುವನ್ನು ಕರೆದುಕೊಂಡು ಹೋಗಬೇಡಿ. ಬೇರೆ ಪಂದ್ಯಕ್ಕೆ ಹೋದರಾಯಿತು. ಹಿಂದಿನ ದಿನ ಪೇಪರಿನಲ್ಲಿ ಎರಡೂ ತಂಡದ ಹೆಸರು ನೋಡಿಕೊಳ್ಳಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಖಾಲಿ ಗ್ಯಾಲರಿ ಕಣ್ಣಾರೆ ನೋಡಿದರೆ ಅವರಿಗೂ ಧೈರ್ಯ ಬರುತ್ತದೆ.

ಈಗ ಮೊದಲ ಪಂದ್ಯವೇ ಯಾಕೆ ಅಂತ ಹೇಳುತ್ತೇನೆ. ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ಹುಲ್ಲು ಹಸಿರಾಗಿರುತ್ತದೆ. ಪಿಚ್‌ನಲ್ಲಿ ಸ್ವಲ್ಪ ತೇವ ಇದ್ದರೆ ಬೆಳಿಗ್ಗೆ ಹೊಸ ಚೆಂಡು ಮಾತಾಡುತ್ತದೆ. ತಂಡಕ್ಕೆ ಹೊಸ ಹುಡುಗರು ಬಂದಿರುತ್ತಾರೆ. ಅವರಲ್ಲಿ ಯಾರು ಏನಾಗುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಗುಂಡಪ್ಪ ವಿಶ್ವನಾಥ್ 1967-68ರ ಸೀಸನ್ನಿನಲ್ಲಿ ಮೈಸೂರು ತಂಡಕ್ಕೆ (ಈಗಿನ ಕರ್ನಾಟಕ ತಂಡ) ಮೊದಲ ಸಲ ಆಡಿದಾಗ ಆಂಧ್ರದ ಮೇಲೆ 230 ಹೊಡೆದರು. ಮೊದಲ ಪಂದ್ಯದಲ್ಲೇ ದ್ವಿಶತಕ! ಅವತ್ತು ಮೈದಾನದಲ್ಲಿ ಇದ್ದವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚು. ಅಂಥದ್ದು ನೋಡುವ ಅವಕಾಶ ಸಿಗುವುದು ಇಂಥ ಜನ ಕಡಿಮೆ ಇರುವ ಪಂದ್ಯಗಳಲ್ಲೇ.

ಇನ್ನೊಂದು ಕಾರಣ ಶಬ್ದ. ಐಪಿಎಲ್‌ನಲ್ಲಿ ಸ್ಪೀಕರ್ ಗಲಾಟೆಯಲ್ಲಿ ಬ್ಯಾಟಿನ ಸದ್ದೇ ಕೇಳಿಸಲ್ಲ. ರಣಜಿಯಲ್ಲಿ ಚೆಂಡು ಬ್ಯಾಟಿನ ಮಧ್ಯಕ್ಕೆ ಬಿತ್ತಾ, ಅಂಚಿಗೆ ತಾಗಿತಾ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ವಿಕೆಟ್ ಕೀಪರ್ ಕೈಗವಸಿಗೆ ಚೆಂಡು ಬೀಳುವ ಸದ್ದು ಗ್ಯಾಲರಿವರೆಗೂ ಬರುತ್ತದೆ. ಕರ್ನಾಟಕದ ಹುಡುಗರು ಮೈದಾನದಲ್ಲಿ ಕನ್ನಡದಲ್ಲೇ ಕೂಗಾಡುತ್ತಾರೆ. "ಚೆನ್ನಾಗ್ ಹಾಕ್ದೆ ಮಗಾ, ಅಲ್ಲೇ ಹಾಕು" ಅಂತ ಕೀಪರ್ ಪಕ್ಕದ ಸ್ಲಿಪ್‌ನಿಂದ ಕೇಳಿಸಿದಾಗ ನಿಮ್ಮ ಮಗಳ ಮುಖ ನೋಡಿ. ಟಿವಿಯಲ್ಲಿ ಕಾಣುವ ಆಟಗಾರರು ತನ್ನ ಕ್ಯಾಂಪಿನ ಮಕ್ಕಳ ಹಾಗೇ ಮಾತಾಡುತ್ತಾರೆ ಅಂತ ಅವಳಿಗೆ ಅಲ್ಲಿ ತಿಳಿಯುತ್ತದೆ.

ವಿಜಯನಗರದಿಂದ ನೇರಳೆ ಮೆಟ್ರೋ ನೇರ ಇದೆ. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಿರಿ, ಸ್ಟೇಡಿಯಂ ಅಲ್ಲೇ. ಯಾವ ಗೇಟ್ ತೆರೆದಿದೆ ಅನ್ನುವುದು ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತದೆ, ಅಲ್ಲಿರುವ ಪೊಲೀಸರನ್ನೋ ಸೆಕ್ಯೂರಿಟಿಯವರನ್ನೋ ಕೇಳಿ. ಆಟ ಶುರುವಾಗುವುದು 9.30ಕ್ಕೆ. ಟಾಸ್ 9ಕ್ಕೆ. ನೀವು ಅದಕ್ಕೂ ಮೊದಲೇ ಒಳಗಿರಬೇಕು. ಯಾಕೆಂದರೆ ಟಾಸ್‌ಗೆ ಮುಂಚೆ ಎರಡೂ ತಂಡ ಹೊರಗೆ ಬಂದು ಅಭ್ಯಾಸ ಮಾಡುತ್ತಿರುತ್ತವೆ. ಸ್ಪಿನ್ನರ್ ಒಬ್ಬನೇ ಒಂದು ಸ್ಟಂಪ್ ನೆಟ್ಟುಕೊಂಡು ಹಾಕುತ್ತಿರುತ್ತಾನೆ. ನಿಮ್ಮ ಮಗಳು ಆಫ್ ಸ್ಪಿನ್ ಅಂದಿರಿ. ಅವನ ಕೈ, ಅವನ ಮುಂಗಾಲು ಎಲ್ಲಿ ಬೀಳುತ್ತದೆ, ಇದನ್ನು ಬೇಲಿ ಹತ್ತಿರ ನಿಂತು ನೋಡಲಿ. ಟಿವಿ ಇದನ್ನೆಲ್ಲ ತೋರಿಸಲ್ಲ.

ಮೊದಲ ಒಂದು ಗಂಟೆ ಮಾತ್ರ ಅತ್ತಿತ್ತ ನೋಡಬೇಡಿ. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು. ಹೊಸ ಕೆಂಪು ಚೆಂಡು. ಮೂರು ಸ್ಲಿಪ್, ಅವರ ಆಚೆ ಒಂದು ಗಲ್ಲಿ. ಕೀಪರ್ ಎಷ್ಟು ಹಿಂದೆ ನಿಂತಿದ್ದಾರೆ ನೋಡಿ, ಅದರಿಂದಲೇ ಬೌಲರಿನ ವೇಗ ತಿಳಿಯುತ್ತದೆ. ಅವಳಿಗೆ ಒಂದೇ ಒಂದು ಕೆಲಸ ಕೊಡಿ. ಬ್ಯಾಟರ್ ಯಾವ ಚೆಂಡನ್ನು ಆಡದೆ ಬಿಟ್ಟರು ಅಂತ ಎಣಿಸಲಿ. ಟಿ20ಯಲ್ಲಿ ಬಿಟ್ಟ ಚೆಂಡು ದಂಡ. ಇಲ್ಲಿ ಅದು ಆಟದ ಜಾಣತನ. ಆಫ್ ಸ್ಟಂಪ್ ಎಲ್ಲಿದೆ ಅಂತ ಗೊತ್ತಿರುವ ಆಟಗಾರ ಚೆಂಡನ್ನು ಬಿಡುತ್ತಾನೆ, ಬೌಲರ್ ಪ್ರತಿ ಓವರ್ ಒಂದು ಇಂಚು ಒಳಗೆ ತರುತ್ತಾನೆ. ಕೊನೆಗೆ ಒಂದು ಚೆಂಡು ಬಿಡಬೇಕಾ ಆಡಬೇಕಾ ಅಂತ ಗೊಂದಲ ಆಗುತ್ತದೆ. ಔಟ್ ಆಗುವುದು ಅಲ್ಲೇ. ಆ ನಾಲ್ಕೈದು ಓವರ್‌ನ ಲೆಕ್ಕಾಚಾರ ಅವಳಿಗೆ ಅರ್ಥವಾದರೆ ಮುಂದೆ ನೀವು ಕರೆಯಬೇಕಾಗಿಲ್ಲ, ಅವಳೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾಳೆ.

ಕೂರುವ ಜಾಗ: ತೆರೆದಿರುವ ಸ್ಟ್ಯಾಂಡಿನಲ್ಲಿ ಆದಷ್ಟು ಸೈಟ್ ಸ್ಕ್ರೀನ್ (ಬೌಲರಿನ ಹಿಂದೆ ಇರುವ ದೊಡ್ಡ ಪರದೆ) ಕಡೆಗೆ ಸರಿಯಿರಿ. ಪೆವಿಲಿಯನ್ ಎಂಡ್ ಆಗಲಿ, ಬಿಇಎಂಎಲ್ ಎಂಡ್ ಆಗಲಿ, ಬೌಲರಿನ ನೇರಕ್ಕೆ ಕೂತರೆ ಮಾತ್ರ ಸ್ವಿಂಗ್, ಸ್ಪಿನ್ ಕಾಣುತ್ತದೆ. ಪಕ್ಕದಿಂದ ನೋಡಿದರೆ ಚೆಂಡು ಎಷ್ಟು ಪುಟಿಯಿತು ಅಂತ ಗೊತ್ತಾಗುತ್ತದೆ, ಎತ್ತ ತಿರುಗಿತು ಅಂತ ಗೊತ್ತಾಗಲ್ಲ. ಟೋಪಿ ಮರೆಯಬೇಡಿ. ಅಕ್ಟೋಬರ್ ಬಿಸಿಲು ಸುಡುತ್ತದೆ.

ಊಟ 11.30ಕ್ಕೆ, ನಲವತ್ತು ನಿಮಿಷ. ಒಳಗೆ ಅಂಗಡಿ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನಾನು ಚಿತ್ರಾನ್ನ, ಮೊಸರನ್ನ ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ, ಜೊತೆಗೆ ಬೇಯಿಸಿದ ಕಡಲೆಕಾಯಿ. ಗಾಜಿನ ಬಾಟಲಿ, ಸ್ಟೀಲ್ ಚಾಕು ಇಂಥದ್ದು ಬೇಡ.

ಪೂರ್ತಿ ದಿನ ಕೂರುತ್ತಾಳಾ ಅಂತ ಕೇಳಿದಿರಿ. ಕೂರಲೇಬೇಕು ಅಂತ ಒತ್ತಾಯ ಬೇಡ. ಊಟದ ನಂತರದ ಹೊತ್ತು ನಿಧಾನ. ಚೆಂಡು ಹಳೆಯದಾಗಿರುತ್ತದೆ, ಬಿಸಿಲು ನೆತ್ತಿಗೆ ಬಂದಿರುತ್ತದೆ. ಆಗ ಒಂದು ಕಥೆ ಪುಸ್ತಕ ಓದಲಿ, ಗ್ಯಾಲರಿಯಲ್ಲಿ ಓಡಾಡಲಿ. ಸ್ಪಿನ್ನರ್ ಬಂದ ತಕ್ಷಣ ಮಾತ್ರ ಕರೆದು ಕೂರಿಸಿ. 80 ಓವರ್ ಆದ ಮೇಲೆ ಎರಡನೇ ಹೊಸ ಚೆಂಡು ತೆಗೆದುಕೊಳ್ಳಬಹುದು. ದಿನಕ್ಕೆ 90 ಓವರ್. ಅಂದರೆ ಎದುರಾಳಿ ಇಡೀ ದಿನ ಬ್ಯಾಟ್ ಮಾಡಿದರೆ ಕೊನೆಯ ಅರ್ಧ ಗಂಟೆ ಬೆಳಿಗ್ಗೆಯ ಹಾಗೆ ಮತ್ತೆ ಜೀವ ಬರುತ್ತದೆ. ಅದಕ್ಕೆ ಇರುವ ಹಾಗೆ ನೋಡಿಕೊಳ್ಳಿ.

ಸನಿವೇಲ್_ಟು_ಸಂಜಯನಗರ

ಸ್ಕೋರ್‌ಬುಕ್ ಮೇಡಂ ಬರೆದಿದ್ದು ಓದಿ ನನಗೆ ಏಪ್ರಿಲ್ ತಿಂಗಳ ಬೇಸ್‌ಬಾಲ್ ನೆನಪಾಯಿತು. ನಾನು ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಅಲ್ಲಿ ಸೀಸನ್ ಶುರುವಾಗುವುದು ಮಾರ್ಚ್ ಕೊನೆಗೆ. ಒಂದೊಂದು ತಂಡ 162 ಪಂದ್ಯ ಆಡುತ್ತದೆ, ಅದರಲ್ಲಿ ಅರ್ಧ, 81, ತನ್ನ ಊರಲ್ಲಿ. ಹಾಗಾಗಿ ಏಪ್ರಿಲ್‌ನಲ್ಲಿ ಒಂದು ಪಂದ್ಯ ಸೋತರೆ ಯಾರ ಜೀವವೂ ಹೋಗಲ್ಲ. ಜನ ಆಟ ನೋಡುವುದಕ್ಕೆ ಅಂತಲೇ ಬರುತ್ತಾರೆ.

ಸನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತಿದರೆ ಸ್ಯಾನ್ ಫ್ರಾನ್ಸಿಸ್ಕೋದ ಕೊನೆ ಸ್ಟೇಷನ್ನಿನಿಂದ ಜೈಂಟ್ಸ್ ತಂಡದ ಮೈದಾನಕ್ಕೆ ನಡೆದುಕೊಂಡೇ ಹೋಗಬಹುದು. ಮೈದಾನ ಸಮುದ್ರದ ಕೊಲ್ಲಿಯ ಪಕ್ಕದಲ್ಲೇ ಇದೆ. ಬಲಗಡೆ ಗೋಡೆ ದಾಟಿದರೆ ನೀರು. ಹೋಮ್ ರನ್ ಚೆಂಡು ನೀರಿಗೆ ಬಿದ್ದರೆ ಹಿಡಿಯೋಣ ಅಂತ ಜನ ಪುಟ್ಟ ದೋಣಿಗಳಲ್ಲಿ ಕಾಯುತ್ತಿರುತ್ತಾರೆ. ಅದೇ ಗೋಡೆಯಲ್ಲಿ ಕಮಾನಿನಂಥ ಕಿಂಡಿಗಳಿವೆ. ಟಿಕೆಟ್ ಇಲ್ಲದವರು ಹೊರಗೆ ನಿಂತು ಸ್ವಲ್ಪ ಹೊತ್ತು ಪುಕ್ಕಟೆ ನೋಡಬಹುದು. ನಾನು ಮೊದಲು ಬೇಸ್‌ಬಾಲ್ ನೋಡಿದ್ದು ಆ ಕಿಂಡಿಯಿಂದಲೇ. ಪಕ್ಕದಲ್ಲಿ ಒಬ್ಬ ಅಜ್ಜ ಮೊಮ್ಮಗನಿಗೆ ಒಂದೊಂದು ಚೆಂಡೂ ವಿವರಿಸುತ್ತಿದ್ದರು, ಅದನ್ನು ಕೇಳಿಸಿಕೊಂಡೇ ನಾನೂ ಕಲಿತೆ.

ಏಪ್ರಿಲ್ 15ಕ್ಕೆ ಹೋದರೆ ಇನ್ನೂ ವಿಶೇಷ. 1947ರಲ್ಲಿ ಅದೇ ದಿನ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿದರು. ಆ ಕಾಲದಲ್ಲಿ ದೊಡ್ಡ ಲೀಗ್‌ನಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲ, ಆ ಬಾಗಿಲು ತೆರೆದವರು ಅವರು. ಅವರ ನಂಬರ್ 42. 1997ರಲ್ಲಿ ಆ ನಂಬರನ್ನು ಇನ್ನು ಯಾವ ತಂಡವೂ ಕೊಡಬಾರದು ಅಂತ ತೀರ್ಮಾನಿಸಿದರು. ಈಗ ಪ್ರತಿ ವರ್ಷ ಆ ಒಂದು ದಿನ ಎಲ್ಲ ಆಟಗಾರರೂ 42 ಹಾಕಿಕೊಂಡು ಆಡುತ್ತಾರೆ. ಮೈದಾನದಲ್ಲಿ ಎಲ್ಲರ ಬೆನ್ನಿನ ಮೇಲೂ ಒಂದೇ ನಂಬರ್ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಮಕ್ಕಳಿಗೆ ಇತಿಹಾಸ ಹೇಳಿಕೊಡಲು ಅದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ವಿಜಯನಗರ_ಅಪ್ಪ ಅವರಿಗೆ ನಾನು ಹೇಳಬೇಕಿದ್ದು ಏನೆಂದರೆ, ಅಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ಕೈಗೆ ಸ್ಕೋರ್ ಕಾರ್ಡು, ಪೆನ್ಸಿಲು ಕೊಟ್ಟುಬಿಡುತ್ತಾರೆ. ಪ್ರತಿ ಜಾಗಕ್ಕೂ ಒಂದು ಅಂಕಿ ಇದೆ. ಚೆಂಡು ಎಸೆಯುವವರು 1, ಹಿಡಿಯುವವರು 2, ಹೀಗೆ 9ರವರೆಗೆ. ಯಾರು ಹಿಡಿದು ಯಾರಿಗೆ ಎಸೆದು ಔಟ್ ಮಾಡಿದರು ಅಂತ 6-4-3 ಥರ ಬರೆಯುತ್ತಾರೆ. ಸ್ಟ್ರೈಕ್ ಔಟ್ ಆದರೆ "ಕೆ". ನನ್ನ ಮಗ ಎಂಟು ವರ್ಷದವನಿದ್ದಾಗ ಮೂರು ಗಂಟೆ ಅಲುಗಾಡದೆ ಕೂತಿದ್ದಕ್ಕೆ ಆ ಪೆನ್ಸಿಲೇ ಕಾರಣ. ಅವನು ಅವತ್ತು ಮೊಬೈಲ್ ಕೇಳಲೇ ಇಲ್ಲ.

ವಿಜಯನಗರ_ಅಪ್ಪ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಅವಳೂ ಬರುತ್ತಾಳಂತೆ. ಮಗಳಿಗೆ ಸ್ಕೋರ್ ಬರೆಯುವ ವಿಷಯ ಹೇಳಿದ ತಕ್ಷಣ "ನಂಗೂ ಬೇಕು" ಅಂತ ಶುರು ಮಾಡಿದ್ದಾಳೆ. ಕ್ರಿಕೆಟ್‌ನಲ್ಲಿ ಅದನ್ನು ಹೇಗೆ ಬರೆಯುವುದು? ಮೊದಲ ಸಲ ಬರೆಯುವವರಿಗೆ ಎಲ್ಲಿಂದ ಶುರು ಮಾಡಬೇಕು?

ಮತ್ತೆ, ನಾಲ್ಕು ದಿನದ ಪಂದ್ಯದಲ್ಲಿ ಒಂದೇ ದಿನ ಹೋಗಲು ಆಗುವುದು. ಮೊದಲ ದಿನವಾ, ಕೊನೆ ದಿನವಾ? ಕೊನೆ ದಿನ ಹೋದರೆ ರಿಸಲ್ಟ್ ಸಿಗುತ್ತದೆ ಅಲ್ವಾ?

ಸ್ಕೋರ್‌ಬುಕ್

ಮೊದಲ ದಿನ. ಕೊನೆ ದಿನ ಎಷ್ಟೋ ಸಲ ಡ್ರಾ ಕಡೆಗೆ ನಿಧಾನಕ್ಕೆ ಹೋಗುತ್ತಿರುತ್ತದೆ, ಮಗುವಿಗೆ ಬೇಸರ ಆಗಬಹುದು. ಇಲ್ಲವೇ ಮೂರನೇ ದಿನವೇ ಮುಗಿದುಹೋಗಿರಬಹುದು.

ಆದರೆ ಡ್ರಾ ಅಂದರೆ ಏನೂ ಆಗಲಿಲ್ಲ ಅಂತ ಅವಳಿಗೆ ಹೇಳಬೇಡಿ. ರಣಜಿಯಲ್ಲಿ ಗೆದ್ದರೆ 6 ಪಾಯಿಂಟ್. ಇನ್ನಿಂಗ್ಸ್ ಅಂತರದಲ್ಲೋ 10 ವಿಕೆಟ್‌ಗಳಿಂದಲೋ ಗೆದ್ದರೆ 7. ಡ್ರಾ ಆದರೆ ಮೊದಲ ಇನ್ನಿಂಗ್ಸ್ ಲೀಡ್ ಪಡೆದವರಿಗೆ, ಅಂದರೆ ಅದರಲ್ಲಿ ಹೆಚ್ಚು ರನ್ ಹೊಡೆದವರಿಗೆ 3, ಇನ್ನೊಬ್ಬರಿಗೆ 1. ಆ ಲೀಡ್‌ಗಾಗಿ ನಡೆಯುವ ಗುದ್ದಾಟ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. 1973-74ರಲ್ಲಿ ಬಾಂಬೆ ಮೇಲಿನ ಸೆಮಿಫೈನಲ್ ಇದೇ ಬೆಂಗಳೂರಿನಲ್ಲಿ ನಡೆದಿದ್ದು. ಬಾಂಬೆ ಅದಕ್ಕೂ ಮೊದಲು ಸತತವಾಗಿ 15 ವರ್ಷ ಟ್ರೋಫಿ ಗೆದ್ದಿತ್ತು. ನಮ್ಮವರು ಸೋಲಿಸಿದ್ದು ಲೀಡ್ ಲೆಕ್ಕದಲ್ಲೇ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಬಾಂಬೆಯ ಗವಾಸ್ಕರ್ ಅವರನ್ನು ನಮ್ಮ ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ಅವರ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ನಮ್ಮಪ್ಪ ಆ ರನೌಟನ್ನು ಊಟದ ತಟ್ಟೆ ಮುಂದೆ ಕೂತು ಎಷ್ಟೋ ಸಲ ಹೇಳಿದ್ದಾರೆ. ಆ ವರ್ಷವೇ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ನಮ್ಮದಾಯಿತು. ಇದುವರೆಗೆ ಎಂಟು ಸಲ ಗೆದ್ದಿದ್ದೇವೆ. ಕೊನೆಯದು 2014-15.

ನಾನೇ ಕೂತು ನೋಡಿದ್ದು 1998-99ರ ಫೈನಲ್, ಚಿನ್ನಸ್ವಾಮಿಯಲ್ಲೇ, ಮಧ್ಯಪ್ರದೇಶದ ಮೇಲೆ. ಲೀಡ್ ಅವರಿಗೆ ಹೋಗಿತ್ತು. ಕೊನೆ ದಿನ ಅವರು ಔಟಾಗದೆ ನಿಂತಿದ್ದರೂ ಸಾಕಿತ್ತು, ಕಪ್ ಅವರದು. ಆದರೆ ವಿಜಯ್ ಭಾರದ್ವಾಜ್ ತಮ್ಮ ಆಫ್ ಸ್ಪಿನ್‌ನಲ್ಲಿ ಆರು ವಿಕೆಟ್ ತೆಗೆದರು. ಹೌದು, ಆಫ್ ಸ್ಪಿನ್! ಇದನ್ನು ನಿಮ್ಮ ಮಗಳಿಗೆ ತಪ್ಪದೆ ಹೇಳಿ. ಅವತ್ತು ಸೋತ ಮಧ್ಯಪ್ರದೇಶದ ನಾಯಕ ಚಂದ್ರಕಾಂತ್ ಪಂಡಿತ್. ಅವರೇ 2022ರ ಜೂನ್‌ನಲ್ಲಿ ಕೋಚ್ ಆಗಿ ಅದೇ ಮೈದಾನಕ್ಕೆ ಬಂದು, ಮುಂಬೈಯನ್ನು ಸೋಲಿಸಿ ಮಧ್ಯಪ್ರದೇಶಕ್ಕೆ ಮೊದಲ ರಣಜಿ ಕೊಡಿಸಿದರು. ನಾನು ಕರ್ನಾಟಕದವಳಾದರೂ ಅವತ್ತು ಅವರಿಗಾಗಿ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಈಗ ಸ್ಕೋರ್ ಬರೆಯುವುದು. ದಪ್ಪ ಪುಸ್ತಕ ಬೇಡ. ಚೌಕ ಚೌಕ ಇರುವ ಗಣಿತದ ನೋಟ್‌ಬುಕ್ ಸಾಕು. ಮೊದಲ ಸಲ ಬೌಲಿಂಗ್ ಮಾತ್ರ ಬರೆಯಲಿ. ಎಡಗಡೆ ಬೌಲರಿನ ಹೆಸರು, ಆಮೇಲೆ ಒಂದು ಓವರಿಗೆ ಒಂದು ಚೌಕ. ಚೌಕದೊಳಗೆ ಆರು ಚೆಂಡು. ರನ್ ಬಾರದಿದ್ದರೆ ಚುಕ್ಕಿ, ಬಂದರೆ ಅಂಕಿ, ಔಟಾದರೆ "ಡಬ್ಲ್ಯೂ". ಆರೂ ಚುಕ್ಕಿಯಾದರೆ ಅದು ಮೇಡನ್. ಮೂರು ಮೂರು ಚುಕ್ಕಿ ಎರಡು ಕಂಬವಾಗಿ ಇಟ್ಟು ಗೆರೆ ಎಳೆದರೆ "ಎಂ" ಅಕ್ಷರ ಬರುತ್ತದೆ. ಮೇಡನ್‌ನಲ್ಲಿ ವಿಕೆಟ್ಟೂ ಬಿದ್ದರೆ ಅದನ್ನೇ "ಡಬ್ಲ್ಯೂ" ಮಾಡಿ ಎಳೆಯುತ್ತಾರೆ. ಮಕ್ಕಳಿಗೆ ಆ ಗೆರೆ ಎಳೆಯುವುದರಲ್ಲಿ ಎಲ್ಲಿಲ್ಲದ ಖುಷಿ. ಐದನೇ ಚುಕ್ಕಿ ಆದ ಮೇಲೆ ಆರನೇ ಚೆಂಡಿಗೆ ಉಸಿರು ಬಿಗಿಹಿಡಿದು ಕಾಯುತ್ತಾರೆ. ಟಿವಿ ಮುಂದೆ ಡಾಟ್ ಬಾಲ್ ಅಂದರೆ ಮುಖ ಸಿಂಡರಿಸುವ ಮಕ್ಕಳು ಇಲ್ಲಿ ಡಾಟ್ ಬಾಲ್ ಬೇಡಿಕೊಳ್ಳುತ್ತಾರೆ.

ತಪ್ಪಾದರೆ ತಿದ್ದಲಿ. ನಡುವೆ ಎರಡು ಓವರ್ ಬಿಟ್ಟುಹೋದರೂ ಪರವಾಗಿಲ್ಲ. ಹಾಳೆಯ ಮೇಲೆ ತಾರೀಖು, ಎದುರಾಳಿ ತಂಡದ ಹೆಸರು, ಯಾವ ಕಡೆಯಿಂದ ಯಾರು ಶುರು ಮಾಡಿದರು, ಇಷ್ಟು ಬರೆಯಿಸಿ. ಪೆನ್ಸಿಲ್ ಎರಡು ಇರಲಿ.

ದಾಸರಹಳ್ಳಿ_ಥರ್ಡ್‌ಮ್ಯಾನ್

ಒಂದು ಸೇರಿಸುತ್ತೇನೆ. ಕರ್ನಾಟಕದ ಹೋಮ್ ಮ್ಯಾಚ್ ಎಲ್ಲ ಚಿನ್ನಸ್ವಾಮಿಯಲ್ಲೇ ಆಗುತ್ತದೆ ಅಂದುಕೊಳ್ಳಬೇಡಿ. ಆಲೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಲ್ಲೂ ಹಾಕುತ್ತಾರೆ. ವೇಳಾಪಟ್ಟಿ ಬಂದ ಮೇಲೆ ಜಾಗ ನೋಡಿಕೊಂಡು ರಜೆ ಹಾಕಿ.

ಆಲೂರಾದರೆ ತುಮಕೂರು ರಸ್ತೆ ಕಡೆ. ಹಸಿರು ಮೆಟ್ರೋದಲ್ಲಿ ಮಾದಾವರದವರೆಗೆ ಬಂದು ಅಲ್ಲಿಂದ ಆಟೋ. ಅಲ್ಲಿ ದೊಡ್ಡ ಗ್ಯಾಲರಿ ಇಲ್ಲ. ನೋಡುವವರನ್ನು ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ. ನೀರು, ಊಟ ಎರಡೂ ಒಯ್ಯಿರಿ.

ಮೈಸೂರಾದರೆ ಖಂಡಿತ ಬಿಡಬೇಡಿ, ಬೆಳಿಗ್ಗೆ ರೈಲಿಗೆ ಹೊರಡಿ. 2010ರ ಜನವರಿಯಲ್ಲಿ ಅಲ್ಲಿ ರಣಜಿ ಫೈನಲ್ ಆಗಿತ್ತು. ಮನೀಶ್ ಪಾಂಡೆ 144 ಹೊಡೆದರು, ಆದರೂ ಮುಂಬೈ ಮೇಲೆ ಬರೀ 6 ರನ್‌ನಿಂದ ಸೋತೆವು. ಆ ಸೋಲು ಈಗಲೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮೈಸೂರಿನ ಜನ ಆ ಮ್ಯಾಚ್‌ಗೆ ಬಂದ ರೀತಿ ಮಾತ್ರ ಮರೆಯಲು ಆಗಲ್ಲ.

ಆಟೋಗ್ರಾಫ್ ಬೇಕಿದ್ದರೆ ಆಟ ನಡೆಯುವಾಗ ಬೌಂಡರಿಯಲ್ಲಿ ನಿಂತವರನ್ನು ಕರೆಯಬೇಡಿ. ಅವರ ಗಮನ ತಪ್ಪುತ್ತದೆ. 4.30ಕ್ಕೆ ಆಟ ಮುಗಿದ ಮೇಲೆ ಕೇಳಿ. ಹೆಚ್ಚಿನವರು ಮಕ್ಕಳಿಗೆ ಇಲ್ಲ ಅನ್ನಲ್ಲ.

ವಿಜಯನಗರ_ಅಪ್ಪ

ತುಂಬಾ ಉಪಕಾರವಾಯಿತು ಸರ್. ಕೊನೆ ಪ್ರಶ್ನೆ. ಅಕ್ಟೋಬರ್‌ನಲ್ಲಿ ಮಳೆ ಬಂದರೆ? ಮಗಳು ಇನ್ನೊಂದೂ ಕೇಳಿದಳು, ಆ ಮೈದಾನದಲ್ಲಿ ಹೆಣ್ಣುಮಕ್ಕಳು ಆಡಿದ್ದಾರಾ ಅಂತ. ಐಪಿಎಲ್ ಥರದ್ದು ಗೊತ್ತು ಅವಳಿಗೆ. ಅದಕ್ಕೂ ಹಿಂದೆ?

ಸ್ಕೋರ್‌ಬುಕ್

ಎಷ್ಟು ಒಳ್ಳೆ ಪ್ರಶ್ನೆ ಕೇಳಿದ್ದಾಳೆ! ಆಡಿದ್ದಾರೆ ಅಂತ ಹೇಳಿ. ಭಾರತದ ಮಹಿಳಾ ತಂಡ ಆಡಿದ ಮೊಟ್ಟಮೊದಲ ಟೆಸ್ಟ್ ನಡೆದಿದ್ದೇ ಅಲ್ಲಿ. 1976ರ ಅಕ್ಟೋಬರ್ 31ರಿಂದ, ವೆಸ್ಟ್ ಇಂಡೀಸ್ ಮೇಲೆ. ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ಸಿಕ್ಕಿತು. ಶಾಂತಾ ಅವರೂ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡೇ ಕ್ರಿಕೆಟ್‌ಗೆ ದುಡಿದವರು. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ನಮಗೆಲ್ಲ ಅದು ಎಷ್ಟು ಹೆಮ್ಮೆಯ ವಿಷಯವಾಗಿತ್ತು ಅಂತ ಹೇಳಲು ಬರಲ್ಲ. ಆಮೇಲೆ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರ ಕಡೆಯ ರಾಜೇಶ್ವರಿ ಗಾಯಕ್ವಾಡ್ ಬಂದರು. ಮಗಳು ಆಫ್ ಸ್ಪಿನ್ ಹಾಕುತ್ತಾಳಲ್ಲ, ಶ್ರೇಯಾಂಕಾ ಪಾಟೀಲ್ ಬೌಲಿಂಗ್ ತೋರಿಸಿ.

ಮಳೆ ಬಂದರೆ ಹೆದರಬೇಡಿ. ಚಿನ್ನಸ್ವಾಮಿಯಲ್ಲಿ 2017ರಿಂದ ಸಬ್‌ಏರ್ ಅನ್ನುವ ವ್ಯವಸ್ಥೆ ಇದೆ. ಹುಲ್ಲಿನ ಕೆಳಗೆ ಪೈಪ್ ಹಾಕಿ ನೀರನ್ನು ಹೀರಿ ಹೊರಗೆ ಕಳಿಸುತ್ತಾರೆ. ಜೋರು ಮಳೆ ನಿಂತರೂ ಬೇಗ ಆಟ ಶುರುವಾಗುತ್ತದೆ. ಬೆಂಗಳೂರಿನ ಅಕ್ಟೋಬರ್ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಬರುವುದು, ಬೆಳಿಗ್ಗೆಯ ಆಟ ಹೇಗೂ ಸಿಗುತ್ತದೆ. ಹಾಗಾಗಿಯೇ ತಡವಾಗಿ ಹೋಗಬೇಡಿ ಅಂತ ಹೇಳುತ್ತಿರುವುದು. ಎಂಟು ಗಂಟೆಗೆಲ್ಲ ವಿಜಯನಗರ ಸ್ಟೇಷನ್ನಿನಲ್ಲಿರಿ. ಒಂದು ಕೊಡೆ ಇರಲಿ, ನೋಟ್‌ಬುಕ್ ನೆನೆಯದ ಹಾಗೆ ಒಂದು ಪ್ಲಾಸ್ಟಿಕ್ ಕವರೂ ಇರಲಿ. ತಾರೀಖು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ನಾನೂ ಅದೇ ದಿನ ಬರುತ್ತೇನೆ. ಒಂದು ಇನ್ನಿಂಗ್ಸ್ ಅವಳ ಪಕ್ಕ ಕೂತು ಬರೆಯಿಸುತ್ತೇನೆ.